ಕೊನೆಯ ಗಂಟೆಗೆ ಮೆಚ್ಚುಗೆ, ಅಂಚೆ ಮತದ ಅರ್ಜಿಯ ಗಡುವಿಗೆ ಆಕ್ಷೇಪ: ಶಿರಾದ ಕೋವಿಡ್ ಕಾಲದ ಮತದಾನ ವ್ಯವಸ್ಥೆ

2020ರ ನವೆಂಬರ್ 3ರಂದು ತುಮಕೂರು ಜಿಲ್ಲೆಯ ಶಿರಾ ಉಪಚುನಾವಣೆ ನಡೆದದ್ದು ಕೊರೊನಾ ನಡುವೆಯೇ. ಚುನಾವಣಾ ಆಯೋಗದ ಆಗಿನ ನಿಯಮಗಳಲ್ಲಿ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಮತದಾನದ ಕೊನೆಯ ಒಂದು ಗಂಟೆ. ಮತಗಟ್ಟೆಯಲ್ಲಿ ಮತ್ತೆ ಅಳೆದರೂ ಮೈ ಬಿಸಿ ಹೆಚ್ಚೇ ತೋರಿಸಿದರೆ ಮತದಾರರನ್ನು ಹಾಗೇ ವಾಪಸ್ ಕಳಿಸುವಂತಿರಲಿಲ್ಲ. ಟೋಕನ್ ಕೊಟ್ಟು ಸಂಜೆ ಆ ಕೊನೆಯ ಗಂಟೆಗೆ ಬರಹೇಳಬೇಕಿತ್ತು. ಕ್ವಾರಂಟೈನ್‌ನಲ್ಲಿದ್ದ ಸೋಂಕಿತರಿಗೂ ಅದೇ ಹೊತ್ತು. ಮತಗಟ್ಟೆಗೆ 1,500ರ ಬದಲು 1,000 ಮತದಾರರು, ಸಹಿಗೂ ಗುಂಡಿ ಒತ್ತಲೂ ಕೈಗವಸು. ಇವೂ ಒಳ್ಳೆಯವೇ.

ಅಂಚೆ ಮತಪತ್ರಕ್ಕೆ ಮಾತ್ರ ಪೂರ್ಣ ಅಂಕ ಕೊಡಲಾರೆವು. 80 ದಾಟಿದವರು, ಅಂಗವೈಕಲ್ಯವುಳ್ಳವರು, ಸೋಂಕಿತರು ಅದರ ಅರ್ಜಿಯಾದ ನಮೂನೆ 12ಡಿ ತುಂಬಿ ಚುನಾವಣೆಯ ಅಧಿಸೂಚನೆಯಾದ 5 ದಿನದೊಳಗೆ ಚುನಾವಣಾಧಿಕಾರಿಗೆ ತಲುಪಿಸಬೇಕಿತ್ತು. ಆರನೇ ದಿನ ಸೋಂಕು ತಗುಲಿದರೆ? ಉಳಿಯುವುದು ಕೊನೆಯ ಗಂಟೆಯೊಂದೇ. ಆಕ್ಸಿಜನ್ ಹಾಕಿಸಿಕೊಂಡು ಮಲಗಿದವರು ಮತಗಟ್ಟೆಗೆ ಬರುವುದಾದರೂ ಹೇಗೆ? ಈ ಗಡುವು ಕಾಯಿಲೆಯ ಲೆಕ್ಕಕ್ಕೆ ಹೊಂದುವುದೇ ಇಲ್ಲ.

ಹಲವರು ಎಡವುವ ಜಾಗ ಇನ್ನೊಂದಿದೆ. ಅಂಚೆ ಮತಪತ್ರ ಮಂಜೂರಾದರೆ ಪಟ್ಟಿಯಲ್ಲಿ ಹೆಸರಿನೆದುರು 'ಪಿಬಿ' (ಪೋಸ್ಟಲ್ ಬ್ಯಾಲೆಟ್) ಗುರುತು ಬೀಳುತ್ತದೆ; ಆಮೇಲೆ ಮತಗಟ್ಟೆಗೆ ಹೋದರೂ ಮತ ಹಾಕಲಾಗದು. ಹಾಗಾಗಿ ಅಂಚೆ ಮತಪತ್ರ ಹಿಡಿದು ಸಿಬ್ಬಂದಿ ಮನೆಗೆ ಬರುವ ದಿನ ತಪ್ಪದೆ ಮನೆಯಲ್ಲಿರಿ. ಈಗ ವಯಸ್ಸಿನ ಮಿತಿ 85 ಆಗಿದೆ. ಅಂಗವೈಕಲ್ಯ ಶೇ 40ರಷ್ಟಾದರೂ ಇರಬೇಕು. ಅನುಮಾನವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.