ಕಲರ್ ಪ್ರಿಂಟರ್ ತರುವ ಮುಂಚೆ ಅಂಗಡಿಯವರನ್ನು ಇದೊಂದು ಕೇಳಿ

ಮನೆಯಲ್ಲೇ ಕೂತು ಕೆಲಸ ಮಾಡುವವರು ಕಲರ್ ಪ್ರಿಂಟರ್ ತಗೊಳ್ಳಬೇಕು ಅಂತಿದ್ದರೆ ದಯವಿಟ್ಟು ಈ ಪ್ರಶ್ನೆ ಕೇಳದೆ ದುಡ್ಡು ಕೊಡಬೇಡಿ: "ಒಂದು ಬಣ್ಣ ಖಾಲಿಯಾದರೆ ಇದು ಬರೀ ಕಪ್ಪಿನಲ್ಲಿ ಪ್ರಿಂಟ್ ಕೊಡುತ್ತಾ?" ನೇರವಾಗಿ ಹೌದು ಅನ್ನದಿದ್ದರೆ ಆ ಮಾಡೆಲ್ ಬಿಟ್ಟುಬಿಡಿ. ಬಾಕ್ಸ್ ಮೇಲೆ ಈ ವಿಷಯ ಬರೆದಿರುವುದಿಲ್ಲ. ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಗೊತ್ತಾಗುವುದು ತುರ್ತು ಕೆಲಸ ಇದ್ದಾಗಲೇ.

ನಾನು ದಾವಣಗೆರೆಯಲ್ಲಿ ಮನೆಯಿಂದಲೇ ಡ್ರಾಫ್ಟಿಂಗ್ ಕೆಲಸ ಮಾಡುತ್ತೇನೆ. ಮನೆ ಕಟ್ಟಿಸುವವರಿಗೆ ಪ್ಲ್ಯಾನ್, ಬ್ಯಾಂಕ್ ಸಾಲದ ಫೈಲಿಗೆ ಹಾಕುವ ಎಸ್ಟಿಮೇಟ್, ಮುಂಭಾಗ ಹೇಗೆ ಕಾಣುತ್ತೆ ಅಂತ ತೋರಿಸುವ ಎಲಿವೇಶನ್ ಚಿತ್ರ. ದೊಡ್ಡ ಹಾಳೆಯ ಡ್ರಾಯಿಂಗ್ ಎಲ್ಲಾ ಹೊರಗೇ ತೆಗೆಸುತ್ತೇನೆ. ಎ4 ಕೆಲಸಕ್ಕೆ ಮನೆಯಲ್ಲೊಂದು ಕಲರ್ ಪ್ರಿಂಟರ್ ಬೇಕಿತ್ತು. ಅಂಗಡಿಯಲ್ಲಿ ನನ್ನ ಕೆಲಸ ಏನು, ತಿಂಗಳಿಗೆ ಎಷ್ಟು ಪ್ರಿಂಟ್ ಬೇಕು, ಎಲ್ಲಾ ಬಿಡಿಸಿ ಹೇಳಿದೆ. ನಾಲ್ಕು ಬೇರೆ ಬೇರೆ ಕಾರ್ಟ್ರಿಡ್ಜ್ (ಇಂಕು ತುಂಬಿದ ಸಣ್ಣ ಡಬ್ಬಿ) ಇರುವ, ಸ್ಕ್ಯಾನರ್ ಸಮೇತ ಬರುವ ಒಂದು ಇಂಕ್‌ಜೆಟ್, ಅಂದರೆ ಹಾಳೆ ಮೇಲೆ ಇಂಕು ಚಿಮ್ಮಿಸುವ ಪ್ರಿಂಟರ್, ತೋರಿಸಿದರು. "ಯಾವ ಬಣ್ಣ ಖಾಲಿಯೋ ಅದೊಂದೇ ಬದಲಾಯಿಸಿ ಮೇಡಂ, ಸಾವಿರ ಪೇಜ್ ಆರಾಮಾಗಿ ಬರುತ್ತೆ" ಅಂದರು. ಬೆಲೆಯೂ ಕಡಿಮೆ ಇತ್ತು.

ಸಾವಿರ ಪೇಜ್ ಹತ್ತಿರಕ್ಕೂ ಬರಲಿಲ್ಲ. ಅದು ಹಾಗಿರಲಿ. ನಿಜವಾದ ಪೆಟ್ಟು ಬಿದ್ದದ್ದು ಒಂದು ಎಸ್ಟಿಮೇಟ್ ತೆಗೆಯುವಾಗ.

ಪಾರ್ಟಿಯವರು, ತಂದೆ ಮಗ ಇಬ್ಬರೂ, ಹಾಲ್‌ನಲ್ಲಿ ಕೂತಿದ್ದರು. "ಅಕ್ಕಾ, ಮಧ್ಯಾಹ್ನದೊಳಗೆ ಬ್ಯಾಂಕಿಗೆ ಕೊಡ್ಬೇಕು" ಅಂತ ಮಗ ಮೊದಲೇ ಹೇಳಿದ್ದ. ಹತ್ತು ಹನ್ನೆರಡು ಪುಟ, ಬರೀ ಅಂಕಿ, ಬರೀ ಕಪ್ಪು. ಪ್ರಿಂಟ್ ಕೊಟ್ಟೆ. ಹಾಳೆ ಅರ್ಧ ಇಂಚು ಒಳಗೆ ಹೋಗಿ ನಿಂತಿತು. ಪುಟ್ಟ ಸ್ಕ್ರೀನಿನಲ್ಲಿ ನೀಲಿ ಹನಿಯ ಗುರುತು, ಅದರ ಮೇಲೆ ಕೆಂಪು ಗೀಟು. ನೀಲಿ ಕಾರ್ಟ್ರಿಡ್ಜ್ ಬದಲಾಯಿಸಿ ಅಂತ ಸಂದೇಶ. ಕಪ್ಪು ಕಾರ್ಟ್ರಿಡ್ಜ್ ಮುಕ್ಕಾಲು ತುಂಬಿತ್ತು. ಸೆಟ್ಟಿಂಗ್ಸ್‌ನಲ್ಲಿ ಗ್ರೇಸ್ಕೇಲ್ (ಕಪ್ಪು-ಬಿಳುಪು) ಹಾಕಿದೆ, ಆಫ್ ಮಾಡಿ ಆನ್ ಮಾಡಿದೆ, ಕಂಪ್ಯೂಟರಿನಿಂದ ಬೇರೆ ಫೈಲ್ ಕಳಿಸಿದೆ. ಊಹೂಂ. ನೀಲಿ ಹಾಕದೆ ಒಂದು ಅಕ್ಷರವೂ ಬರುವುದಿಲ್ಲ. ಆ ತಂದೆ ಎದ್ದು ಬಂದು ನೋಡಿ, "ಹಾರ್ನ್ ಕೆಟ್ಟಿದೆ ಅಂತ ಎಂಜಿನ್ನೇ ಸ್ಟಾರ್ಟ್ ಆಗಲ್ಲ ಅಂದಂಗಾಯ್ತಲ್ಲಮ್ಮ" ಅಂದರು. ಪೆನ್‌ಡ್ರೈವ್ ಹಿಡಿದುಕೊಂಡು ಜೆರಾಕ್ಸ್ ಅಂಗಡಿಗೆ ಓಡಿದ್ದಾಯಿತು. ಮನೆಯಲ್ಲಿ ಪ್ರಿಂಟರ್ ಇಟ್ಟುಕೊಂಡು!

ಆಮೇಲೆ ಅಂಗಡಿಗೆ ಹೋಗಿ ಕೇಳಿದರೆ "ಈ ಮಾಡೆಲ್ ಇರೋದೇ ಹಾಗೆ ಮೇಡಂ" ಅಂದರು. ಇರೋದೇ ಹಾಗೆ ಅಂತ ಗೊತ್ತಿದ್ದವರು ಮಾರುವಾಗ ಯಾಕೆ ಹೇಳಲಿಲ್ಲ? ನನ್ನ ಸಿಟ್ಟು ಇರುವುದು ಇಲ್ಲಿ. ಎಸ್ಟಿಮೇಟ್ ಪ್ರಿಂಟೇ ಜಾಸ್ತಿ ಅಂತ ನಾನು ಮೊದಲೇ ಹೇಳಿದ್ದೆ.

ನೀಲಿ ಎಲ್ಲಿ ಹೋಯಿತು ಅನ್ನುವುದೂ ತಿಳಿದುಕೊಳ್ಳಬೇಕಾದ ಸಂಗತಿ, ಯಾಕೆಂದರೆ ಅಷ್ಟು ನೀಲಿ ನಾನು ಪ್ರಿಂಟ್ ಮಾಡಿಯೇ ಇರಲಿಲ್ಲ. ಇಂಕ್‌ಜೆಟ್ ಪ್ರಿಂಟರಿನಲ್ಲಿ ಇಂಕು ಚಿಮ್ಮಿಸುವ ಭಾಗಕ್ಕೆ ಹೆಡ್ ಅಂತಾರೆ, ಅದರಲ್ಲಿ ಕೂದಲಿಗಿಂತ ಸಣ್ಣ ತೂತುಗಳಿರುತ್ತವೆ. ಇಂಕು ಒಣಗಿ ಅವು ಕಟ್ಟಿಕೊಳ್ಳದಿರಲಿ ಅಂತ ಪ್ರಿಂಟರ್ ಆಗಾಗ ತಾನೇ ಹೆಡ್ ಕ್ಲೀನಿಂಗ್ ಮಾಡಿಕೊಳ್ಳುತ್ತದೆ. ಆನ್ ಮಾಡಿದಾಗ ಗುರ್ ಗುರ್ ಅಂತ ಸದ್ದು ಬರುತ್ತಲ್ಲ, ಎಷ್ಟೋ ಸಲ ಅದೇ. ಕಪ್ಪು ಮಾತ್ರ ಅಲ್ಲ, ಎಲ್ಲಾ ಬಣ್ಣವೂ ಆಗ ಖರ್ಚಾಗುತ್ತದೆ. ಕೆಲವು ಮಾಡೆಲ್‌ಗಳು ಕಪ್ಪು ಪ್ರಿಂಟಿಗೂ ಸ್ವಲ್ಪ ಬಣ್ಣ ಬೆರೆಸುತ್ತವೆ. ಹಾಗಾಗಿ ನೀವು ಕಲರ್ ಪ್ರಿಂಟ್ ತೆಗೆಯದೆ ಇದ್ದರೂ ಕಲರ್ ಇಂಕು ಖಾಲಿಯಾಗುತ್ತದೆ. ನನ್ನದರಂಥ ಮಾಡೆಲ್‌ನಲ್ಲಿ ಅದು ಖಾಲಿಯಾದ ಮೇಲೆ ಕಪ್ಪೂ ನಿಲ್ಲುತ್ತದೆ. ಎರಡೂ ಸೇರಿದಾಗ ಹೊಡೆತ ನಮಗೆ.

ಬಾಕ್ಸ್ ಮೇಲಿನ ಪುಟದ ಲೆಕ್ಕವನ್ನೂ ಹಾಗೇ ನಂಬಬೇಡಿ. ಆ ಲೆಕ್ಕ ಸುಳ್ಳಲ್ಲ, ಆದರೆ ನಮ್ಮ ಮನೆಯ ಲೆಕ್ಕ ಅಲ್ಲ. ಒಂದು ಕಾರ್ಟ್ರಿಡ್ಜ್‌ನಲ್ಲಿ ಎಷ್ಟು ಪುಟ ಬರುತ್ತೆ ಅಂತ ಅಳೆಯಲು ಕಲರ್ ಇಂಕ್‌ಜೆಟ್‌ಗೆ ಐಎಸ್‌ಒ 24711 ಅನ್ನುವ ಅಂತರರಾಷ್ಟ್ರೀಯ ಪರೀಕ್ಷಾ ವಿಧಾನ ಇದೆ. ಗೊತ್ತುಪಡಿಸಿದ ಕೆಲವು ಪುಟಗಳನ್ನೇ ಒಂದರ ಹಿಂದೆ ಒಂದು ಪ್ರಿಂಟ್ ಮಾಡುತ್ತಾ ಹೋಗಿ ಎಣಿಸುತ್ತಾರೆ. ಆ ಪುಟಗಳಲ್ಲಿ ಬಿಳಿ ಜಾಗವೇ ಜಾಸ್ತಿ. ನನ್ನ ಎಲಿವೇಶನ್ ಚಿತ್ರ ನೋಡಿ: ಮೇಲೆ ಪೂರ್ತಿ ನೀಲಿ ಆಕಾಶ, ಕೆಳಗೆ ಹಸಿರು ಹುಲ್ಲು, ನಡುವೆ ಗೋಡೆಯ ಬಣ್ಣ. ಬಿಳಿ ಅನ್ನುವುದೇ ಇಲ್ಲ. ಅಂಥ ಒಂದು ಪುಟ ಪರೀಕ್ಷೆಯ ಎಷ್ಟೋ ಪುಟಗಳ ಇಂಕು ಕುಡಿಯುತ್ತದೆ. ಜೊತೆಗೆ ನಾವು ಇವತ್ತು ನಾಲ್ಕು ಪುಟ ತೆಗೆದರೆ ಮತ್ತೆ ತೆಗೆಯುವುದು ಮುಂದಿನ ವಾರ. ನಡುನಡುವೆ ಕ್ಲೀನಿಂಗಿಗೆ ಹೋಗುವ ಇಂಕು ಆ ಲೆಕ್ಕದಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಇನ್ನು ಹೊಸ ಪ್ರಿಂಟರಿನ ಜೊತೆ ಕೊಡುವ ಕಾರ್ಟ್ರಿಡ್ಜ್‌ನಲ್ಲಿ ಎಷ್ಟೋ ಮಾಡೆಲ್‌ಗಳಲ್ಲಿ ಅಂಗಡಿಯಲ್ಲಿ ಮಾರುವುದಕ್ಕಿಂತ ಕಡಿಮೆ ಇಂಕು ಇರುತ್ತದೆ.

ಅಂಗಡಿಯಲ್ಲೇ ಮೊಬೈಲ್ ತೆಗೆದು ಒಂದು ಭಾಗಾಕಾರ ಮಾಡಿ. ಕಾರ್ಟ್ರಿಡ್ಜ್ 1000 ರೂಪಾಯಿ, ಬಾಕ್ಸ್ ಪ್ರಕಾರ 200 ಪುಟ ಅಂದರೆ ಪುಟಕ್ಕೆ 5 ರೂಪಾಯಿ. ಅದು ಒಂದು ಬಣ್ಣದ್ದು ಮಾತ್ರ. ನಾಲ್ಕೂ ಕಾರ್ಟ್ರಿಡ್ಜ್ ಸೇರಿ ಎಷ್ಟು ಅಂತ ಕೇಳಿ, ಆ ಮೊತ್ತವನ್ನು ಪ್ರಿಂಟರಿನ ಬೆಲೆ ಪಕ್ಕ ಇಟ್ಟು ನೋಡಿ. ಅಗ್ಗದ ಮಾಡೆಲ್‌ಗಳಲ್ಲಿ ಎರಡೂ ಹತ್ತಿರ ಹತ್ತಿರ ಬಂದರೆ ಆಶ್ಚರ್ಯ ಪಡಬೇಡಿ.

ಕಂಪನಿ ಕಾರ್ಟ್ರಿಡ್ಜ್ ದುಬಾರಿ ಅಂತ ಬೇರೆಯವರು ಮಾಡುವ ಅಗ್ಗದ ಕಾರ್ಟ್ರಿಡ್ಜ್ ಹಾಕಬಹುದಲ್ವಾ ಅಂತ ನಿಮಗೆ ಅನ್ನಿಸಬಹುದು. ಅದೇ ಅಂಗಡಿಯವರು ಅದನ್ನೂ ಮಾರಿದರು. ಸ್ವಲ್ಪ ಕಾಲ ಚೆನ್ನಾಗೇ ನಡೆಯಿತು. ವೈಫೈಗೆ ಹಾಕಿದ್ದ ಪ್ರಿಂಟರ್ ಒಂದು ದಿನ ತಾನೇ ಅಪ್‌ಡೇಟ್ ಮಾಡಿಕೊಂಡಿತು. ಮಾರನೇ ದಿನದಿಂದ ಅದೇ ಕಾರ್ಟ್ರಿಡ್ಜ್‌ಗೆ "ಗುರುತು ಸಿಗುತ್ತಿಲ್ಲ" ಅನ್ನತೊಡಗಿತು. ಕಾರ್ಟ್ರಿಡ್ಜ್ ಮೇಲೆ ಒಂದು ಸಣ್ಣ ಚಿಪ್ ಇರುತ್ತದೆ. ಅದರ ಮೂಲಕ ಪ್ರಿಂಟರ್ ಇದು ನಮ್ಮದೋ ಹೊರಗಿನದೋ ಅಂತ ಕಂಡುಹಿಡಿಯುತ್ತದೆ. ದುಡ್ಡು ಕೊಟ್ಟು ತಂದ ಯಂತ್ರದೊಳಗೆ ಯಾವ ಇಂಕು ಹಾಕಬೇಕು ಅಂತ ತೀರ್ಮಾನ ಮಾಡುವವರು ನಾವಲ್ಲ ಅಂದರೆ ಇದೆಂಥ ನ್ಯಾಯ?

ಇದು ನನ್ನೊಬ್ಬಳ ಗೋಳಲ್ಲ. ಹೊರಗಿನ ಕಾರ್ಟ್ರಿಡ್ಜ್ ತಡೆಯುವ ವಿಷಯವನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲ ಅಂತ 2020ರ ಡಿಸೆಂಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ (ಗ್ರಾಹಕರಿಗೆ ಮೋಸ ಆಗದಂತೆ ನೋಡುವ ಸರ್ಕಾರಿ ಸಂಸ್ಥೆ) ಪ್ರಿಂಟರ್ ಕಂಪನಿ ಎಚ್‌ಪಿಗೆ 1 ಕೋಟಿ ಯೂರೋ ದಂಡ ಹಾಕಿತ್ತು. ನನ್ನದು ಆ ಕಂಪನಿಯ ಪ್ರಿಂಟರ್ ಅಲ್ಲ. ಹಾಗಾಗಿ ಬ್ರ್ಯಾಂಡ್ ಹೆಸರು ನೋಡಿ ಧೈರ್ಯ ತಂದುಕೊಳ್ಳಬೇಡಿ, ಮಾಡೆಲ್ ನೋಡಿ. ಕೊಳ್ಳುವ ಮುಂಚೆ ಆ ಮಾಡೆಲ್ ಹೆಸರಿನ ಜೊತೆ "ಕಾರ್ಟ್ರಿಡ್ಜ್ ಎರರ್" ಅಂತ ಹಾಕಿ ಹುಡುಕಿ.

ಕೊನೆಗೆ ಹೆಡ್ ಕೂಡ ಕಟ್ಟಿಕೊಂಡಿತು. ಏಪ್ರಿಲ್ ತಿಂಗಳ ನಮ್ಮ ಊರಿನ ಬಿಸಿಲು ನಿಮಗೆ ಗೊತ್ತೇ ಇದೆ. ಪ್ರಿಂಟ್‌ನಲ್ಲಿ ಅಡ್ಡಡ್ಡ ಬಿಳಿ ಗೆರೆ. ವಾರಂಟಿ ಇನ್ನೂ ಇತ್ತು. ಸರ್ವಿಸ್ ಸೆಂಟರ್‌ನವರು ಹೊರಗಿನ ಕಾರ್ಟ್ರಿಡ್ಜ್ ಹಾಕಿದ್ದೀರಿ, ವಾರಂಟಿ ಇಲ್ಲ ಅಂದರು. ಹೊಸ ಹೆಡ್ಡಿಗೆ ಅವರು ಹೇಳಿದ ದರಕ್ಕೆ ಹೊಸ ಪ್ರಿಂಟರೇ ಬರುತ್ತಿತ್ತು. ಅಲ್ಲಿಗೆ ಅದರ ಕಥೆ ಮುಗಿಯಿತು.

ಈಗ ಕಾರ್ಟ್ರಿಡ್ಜ್ ಬದಲು ಇಂಕ್ ಟ್ಯಾಂಕ್ ಇರುವ ಪ್ರಿಂಟರ್ ತಂದಿದ್ದೇನೆ. ಪ್ರಿಂಟರ್ ಬೆಲೆ ಜಾಸ್ತಿ, ಇಂಕಿನ ಬೆಲೆ ಬಹಳ ಕಡಿಮೆ. ಬಾಟಲಿಯಿಂದ ನಾವೇ ತುಂಬಬಹುದು, ಎಷ್ಟು ಉಳಿದಿದೆ ಅಂತ ಹೊರಗಿಂದಲೇ ಕಾಣುತ್ತದೆ. ಈ ಬಗೆಯ ಪ್ರಿಂಟರನ್ನು ಎಪ್ಸನ್ ಕಂಪನಿ ಮೊದಲು ಬಿಟ್ಟದ್ದು 2010ರಲ್ಲಿ, ಇಂಡೋನೇಷ್ಯಾದಲ್ಲಿ. ಅಲ್ಲಿನ ಜನ ಕಾರ್ಟ್ರಿಡ್ಜ್ ಬೆಲೆ ತಾಳಲಾರದೆ ಪ್ರಿಂಟರಿನ ಪಕ್ಕ ಬಾಟಲಿ ಇಟ್ಟು ಪೈಪ್ ಎಳೆದುಕೊಳ್ಳುತ್ತಿದ್ದರು. ಈಗ ಬೇರೆ ಕಂಪನಿಗಳದ್ದೂ ಬಂದಿವೆ.

ಟ್ಯಾಂಕ್ ಅಂದ ತಕ್ಷಣ ಎಲ್ಲಾ ಸಲೀಸು ಅಂತಲ್ಲ. ವಾರಕ್ಕೊಮ್ಮೆಯಾದರೂ ಒಂದು ಕಲರ್ ಪುಟ ತೆಗೆಯಬೇಕು, ಇಲ್ಲದಿದ್ದರೆ ಇದರ ಹೆಡ್ಡೂ ಒಣಗುತ್ತದೆ. ಆಫ್ ಮಾಡುವಾಗ ಪ್ರಿಂಟರಿನ ಬಟನ್ ಒತ್ತಿಯೇ ಆಫ್ ಮಾಡಿ, ಗೋಡೆಯ ಸ್ವಿಚ್ ಸುಮ್ನೆ ತೆಗೆಯಬೇಡಿ. ಬಟನ್ ಒತ್ತಿದಾಗ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುತ್ತದೆ. ಕ್ಲೀನಿಂಗ್ ಮಾಡಿದ ಇಂಕೆಲ್ಲ ಕೆಳಗಿನ ಸ್ಪಂಜಿನಂಥ ಪ್ಯಾಡ್‌ಗೆ ಹೋಗಿ ಸೇರುತ್ತದೆ. ಅದು ತುಂಬಿತು ಅಂತ ಪ್ರಿಂಟರಿನ ಲೆಕ್ಕಕ್ಕೆ ಬಂದರೆ ಮತ್ತೆ ಪ್ರಿಂಟ್ ಬಂದ್. ಕೆಲವು ಮಾಡೆಲ್‌ಗಳಲ್ಲಿ ಅದನ್ನು ನಾವೇ ಬಿಚ್ಚಿ ಬದಲಾಯಿಸಬಹುದು, ಉಳಿದವಕ್ಕೆ ಸರ್ವಿಸ್ ಸೆಂಟರೇ ಗತಿ. ಇದನ್ನೂ ಕೊಳ್ಳುವಾಗಲೇ ಕೇಳಿ. ಇಂಕು ನೀರಿಗೆ ಹರಡುತ್ತಾ ಅಂತಲೂ ನೋಡಿ. ಸೈಟ್‌ನಲ್ಲಿ ಮೇಸ್ತ್ರಿ ಒದ್ದೆ ಕೈಯಲ್ಲಿ ಹಿಡಿದರೆ ಡೈ ಇಂಕಿನಲ್ಲಿ (ಬಣ್ಣ ನೀರಿನಲ್ಲಿ ಕರಗಿರುವ ಇಂಕು) ಬರೆದ ಅಳತೆಗಳು ಕಲಸಿಹೋಗುತ್ತವೆ. ಪಿಗ್ಮೆಂಟ್ ಇಂಕು (ಬಣ್ಣದ ಸಣ್ಣ ಕಣಗಳಿರುವ ಇಂಕು) ನೀರನ್ನು ತಡೆಯುತ್ತದೆ.

ಅಪರೂಪಕ್ಕೆ ಪ್ರಿಂಟ್ ತೆಗೆಯುವವರಿಗೆ ಲೇಸರ್ ಒಳ್ಳೆಯದು. ಅದರಲ್ಲಿ ಇಂಕಿನ ಬದಲು ಟೋನರ್ ಅನ್ನುವ ಪುಡಿ ಇರುತ್ತದೆ, ಒಣಗುವ ಮಾತೇ ಇಲ್ಲ. ಆದರೆ ಕಲರ್ ಲೇಸರ್‌ಗೆ ನಾಲ್ಕು ಟೋನರ್ ಬೇಕು, ಆ ದರ ಮೊದಲು ಕೇಳಿ. ಮನೆಯ ಸಣ್ಣ ಯುಪಿಎಸ್‌ಗೆ ಲೇಸರ್ ಹಾಕಬೇಡಿ. ಪುಡಿಯನ್ನು ಕರಗಿಸಿ ಹಾಳೆಗೆ ಅಂಟಿಸುವ ಒಳಗಿನ ಫ್ಯೂಸರ್ ಬಿಸಿಯಾಗುವಾಗ ವಿಪರೀತ ಕರೆಂಟ್ ಎಳೆಯುತ್ತದೆ, ಯುಪಿಎಸ್ ಟ್ರಿಪ್ ಆಗುತ್ತದೆ. ಕಲರ್ ತೀರಾ ಕಡಿಮೆ ಬೇಕಿದ್ದರೆ ಒಂದು ಕಪ್ಪು-ಬಿಳುಪು ಲೇಸರ್ ಇಟ್ಟುಕೊಂಡು ಕಲರ್ ಹೊರಗೆ ತೆಗೆಸಿ. ನನ್ನನ್ನು ಕೇಳಿದವರಿಗೆಲ್ಲ ಇದನ್ನೇ ಮೊದಲು ಹೇಳುತ್ತೇನೆ.

ಅಂಗಡಿಯವರು ಬಾಯಲ್ಲಿ ಹೇಳುವ ಪುಟದ ಲೆಕ್ಕವನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ ಅನ್ನಿ. ನನ್ನ ಹತ್ತಿರ ಅಂಥದೊಂದು ಮೆಸೇಜ್ ಇತ್ತು, ಅದೇ ಕೈ ಹಿಡಿಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಬಿಲ್ಲು, ವಾರಂಟಿ ಕಾರ್ಡು, ಸ್ಕ್ರೀನಿನಲ್ಲಿ ಬಂದ ಸಂದೇಶದ ಫೋಟೋ ಇಟ್ಟುಕೊಂಡಿರಿ. ನನ್ನ ಕಾರ್ಟ್ರಿಡ್ಜ್‌ಗಳ ಹಣ ಅಂಗಡಿಯವರು ವಾಪಸ್ ಕೊಟ್ಟರು. ಪ್ರಿಂಟರಿನ ಹಣಕ್ಕೆ ಇನ್ನೂ ಒಪ್ಪಿಲ್ಲ, ಆಯೋಗಕ್ಕೆ ಹಾಕಲು ಕಾಗದ ಜೋಡಿಸುತ್ತಿದ್ದೇನೆ.