ಕದ್ರಿಯ ಕಾಡುತ್ಪನ್ನದ ಅಂಗಡಿ: ಉಪ್ಪಾಗೆಗೆ ಪೂರ್ತಿ ಮಾರ್ಕು, ಲೇಬಲ್‌ಗೆ ಅರ್ಧ

ಮಂಗಳೂರಿನ ಕದ್ರಿ ಕಡೆ ಕಾಡುತ್ಪನ್ನ ಮಾತ್ರ ಮಾರುವ ಒಂದು ಸಣ್ಣ ಅಂಗಡಿ ಉಂಟು. ಜೇನು, ಉಪ್ಪಾಗೆ, ಪುನರ್ಪುಳಿ (ಕೋಕಂ) ಸಿಪ್ಪೆ, ಸೀಗೆ, ಅಂಟುವಾಳ, ಕೆಲವೊಮ್ಮೆ ಮಸಾಲೆಗೆ ಹಾಕುವ ರಾಂಪತ್ರೆ. ಎಲ್ಲವೂ ಘಟ್ಟದ ಬುಡದ ಹಳ್ಳಿಯವರು ಗುಂಪು ಮಾಡಿಕೊಂಡು ಸಂಗ್ರಹಿಸಿ ಕಳಿಸುವ ಮಾಲು. ಹೆಸರು ಬರೆಯುವುದಿಲ್ಲ, ಇದು ಜಾಹೀರಾತಲ್ಲ. ಆದರೆ ಇಂಥ ಅಂಗಡಿಯಲ್ಲಿ ಏನು ಕೊಳ್ಳಬೇಕು, ಏನು ಕೇಳಬೇಕು ಅಂತ ಹೇಳುವುದು ಬೇಕು ಅನ್ನಿಸಿತು.

ಮೊದಲು ಉಪ್ಪಾಗೆ, ಅಂದರೆ ಅಡುಗೆಗೆ ಹುಳಿಯಾಗಿ ಹಾಕುವ ಕಾಡುಹಣ್ಣಿನ ಒಣಸಿಪ್ಪೆ. ಇದೇ ಅಲ್ಲಿಯ ಅತ್ಯುತ್ತಮ ಮಾಲು. ಕಪ್ಪು ಬಣ್ಣ, ಒತ್ತಿದರೆ ಬಗ್ಗುತ್ತದೆ, ಮುರಿಯುವುದಿಲ್ಲ, ಬೂಸ್ಟು ಇಲ್ಲ, ಕೈಗೆ ಅಂಟುವ ಎಣ್ಣೆ ಇಲ್ಲ. ಮೂಗಿನ ಹತ್ತಿರ ಹಿಡಿದರೆ ಹುಳಿ ವಾಸನೆ ಮಾತ್ರ ಬರುತ್ತದೆ, ಹೊಗೆಯ ಘಾಟು ಇಲ್ಲವೇ ಇಲ್ಲ. ಬಂಗುಡೆ ಸಾರಿಗೆ ಎರಡು ಚೂರು ಬಿಸಿನೀರಲ್ಲಿ ನೆನೆಸಿ ಹಾಕಿದರೆ ಸಾಕು, ಹುಳಿ ನಿಧಾನಕ್ಕೆ ಬಿಡುತ್ತದೆ, ಮರುದಿನ ಇನ್ನೂ ರುಚಿ. ಹುಣಸೆ ಹಾಕಿದ ಹಾಗೆ ಸಾರು ಕಪ್ಪಾಗುವುದೂ ಇಲ್ಲ.

ಹೊಗೆ ವಾಸನೆ ಇಲ್ಲದಿರುವುದು ಸಣ್ಣ ವಿಷಯ ಅಲ್ಲ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಘಟ್ಟದಲ್ಲಿ ಆಗ ಬಿಸಿಲೆಲ್ಲಿ? ಸಿಪ್ಪೆಯನ್ನು ಒಲೆಯ ಮೇಲೆ ಅಟ್ಟದಲ್ಲಿ ಹರಡಿ ಬೆಂಕಿ ಹಾಕಿಯೇ ಒಣಗಿಸಬೇಕು, ಅದಕ್ಕೆ ಸೌದೆ ಅದೇ ಕಾಡಿನದ್ದು. ಕಾಡಿನ ಹಣ್ಣು ಮಾರಿ ಕಾಡನ್ನೇ ಸುಡುವ ಹಾಗಾಗುತ್ತದೆ, ಅಲ್ವಾ? ಉತ್ತರ ಕನ್ನಡ ಕಡೆ ಇದಕ್ಕಾಗಿಯೇ ಸೌದೆ ಕಮ್ಮಿ ತಿನ್ನುವ ಡ್ರೈಯರ್‌ಗಳು ಬಂದವು. ಹೊಗೆ ಬೇರೆ ದಾರಿಯಲ್ಲಿ ಹೊರಗೆ ಹೋಗುತ್ತದೆ, ಸಿಪ್ಪೆಗೆ ಬಿಸಿಗಾಳಿ ಮಾತ್ರ ತಾಗುತ್ತದೆ. ಈ ಅಂಗಡಿಯ ಉಪ್ಪಾಗೆ ಅಂಥದ್ದರಲ್ಲೇ ಒಣಗಿಸಿದ್ದು ಅಂತ ಅಂಗಡಿಯವರು ಹೇಳಿದರು, ವಾಸನೆ ನೋಡಿದರೆ ನಂಬಬಹುದು.

ಇನ್ನೊಂದು ಸಂಗತಿ. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗೆ ಅಂತ ವಿದೇಶದಲ್ಲಿ ಉಪ್ಪಾಗೆಗೆ ಬೇಡಿಕೆ ಬಂದು ರೇಟು ಏರಿದಾಗ, ನಾನು ಬಿಟ್ಟರೆ ಪಕ್ಕದವನು ಕೊಯ್ಯುತ್ತಾನೆ ಅಂತ ಜನ ಕಾಯಿ ಇರುವಾಗಲೇ ಕೊಯ್ದರು, ಕೊಂಬೆಗಳನ್ನೇ ಕಡಿದರು. ಆ ಹಣ್ಣು ನಮಗೆ ಮಾತ್ರ ಅಲ್ಲ, ಘಟ್ಟದ ಕಪ್ಪು ಮಂಗ ಸಿಂಗಳೀಕಕ್ಕೂ ಬೇಕು. ಶಿರಸಿ, ಹೊನ್ನಾವರದ ಕಾಡಿನಲ್ಲಿ ಸಿಂಗಳೀಕ ತಿನ್ನುವ ಮುಖ್ಯ ಹಣ್ಣುಗಳಲ್ಲಿ ಇದೂ ಒಂದು. ಅಲ್ಲಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಆಯಿತು. ಹಾಗಾಗಿ ಹಣ್ಣಾದ ಮೇಲೆಯೇ ಕೊಯ್ಯಬೇಕು, ಮರದಲ್ಲಿ ಒಂದಷ್ಟು ಬಿಡಬೇಕು ಅಂತ ಊರವರೇ ಕೂತು ನಿಯಮ ಮಾಡಿಕೊಂಡರೆ ಮಾತ್ರ ಅದು ನಡೆಯುತ್ತದೆ. ಪ್ರತಿ ಮರಕ್ಕೆ ಒಬ್ಬ ಗಾರ್ಡ್ ಇಡಲು ಆಗುತ್ತದಾ?

ಜೇನಿನ ಬಗ್ಗೆ ನನಗೆ ಅಷ್ಟು ಸಮಾಧಾನ ಇಲ್ಲ. ಹೆಜ್ಜೇನು, ಗಾಢ ಬಣ್ಣ, ಬಾಯಿಗೆ ಹಾಕಿದರೆ ಕೊನೆಗೆ ಸ್ವಲ್ಪ ಒಗರು, ರುಚಿ ಬಹಳ ಚೆನ್ನಾಗಿದೆ. ಆದರೆ ಒಂದು ಬಾಟಲಿ ಮನೆಗೆ ತಂದ ಮೇಲೆ ನೊರೆ ಬಂತು, ಮುಚ್ಚಳ ತೆಗೆದಾಗ ಟುಸ್ ಅಂತ ಶಬ್ದ. ಜೇನಿನಲ್ಲಿ ನೀರಿನಂಶ ಜಾಸ್ತಿಯಾದರೆ ಹೀಗೆ ಹುಳಿಯುತ್ತದೆ. ಮಳೆ ಶುರುವಾದ ಮೇಲೆ ಕಿತ್ತದ್ದಿರಬೇಕು. ತೆಗೆದುಕೊಂಡು ಹೋದೆ, ಅಂಗಡಿಯವರು ಒಂದು ಮಾತೂ ಆಡದೆ ಬದಲಿಸಿ ಕೊಟ್ಟರು, ಅದನ್ನು ಹೇಳಲೇಬೇಕು. "ಅಕ್ಕಾ, ಮುಂದಿನ ಸಲ ಮಳೆಗೆ ಮೊದಲಿನದ್ದೇ ಇಡ್ತೇವೆ" ಅಂದರು. ಆದರೆ ಬಾಟಲಿಯ ಮೇಲೆ ಯಾವ ತಿಂಗಳು, ಯಾವ ಕಾಡು ಅಂತ ಬರೆದಿದ್ದರೆ ಈ ತಾಪತ್ರಯವೇ ಇರಲಿಲ್ಲ. ಹೇಗೆ ಕಿತ್ತರು ಅನ್ನುವುದೂ ಗೊತ್ತಾಗಬೇಕು. ಹೆಜ್ಜೇನಿನ ತಟ್ಟಿಯಲ್ಲಿ ಜೇನುತುಪ್ಪ ಇರುವುದು ಮೇಲ್ಭಾಗದ ಒಂದು ಬದಿಯಲ್ಲಿ. ಅದನ್ನಷ್ಟೇ ಕೊಯ್ದು ಮರಿಗಳಿರುವ ಭಾಗ ಬಿಟ್ಟರೆ ಹುಳಗಳು ಉಳಿಯುತ್ತವೆ. ಪೂರ್ತಿ ಕಿತ್ತು ಹಿಂಡಿದರೆ ಆ ಸಂಸಾರವೇ ಹೋಯಿತು.

ಪುನರ್ಪುಳಿ, ಸೀಗೆ ಚೆನ್ನಾಗಿವೆ, ವಿಶೇಷವಾಗಿ ಹೇಳುವಂಥದ್ದೇನಿಲ್ಲ. ಅಂಟುವಾಳ ರೇಷ್ಮೆ ಸೀರೆ ಒಗೆಯುವವರು ಖಂಡಿತ ತೆಗೆದುಕೊಳ್ಳಿ.

ರೇಟು ಸೂಪರ್ ಮಾರ್ಕೆಟ್‌ಗಿಂತ ಜಾಸ್ತಿಯೇ. ನನಗೆ ಅದರಲ್ಲಿ ಬೇಜಾರಿಲ್ಲ, ಆದರೆ ಆ ದುಡ್ಡಲ್ಲಿ ಕಾಡಿಗೆ ಹೋಗಿ ಹೊತ್ತು ತಂದವರಿಗೆ ಎಷ್ಟು ಸೇರುತ್ತದೆ ಅಂತ ಅಂಗಡಿಯಲ್ಲಿ ಎಲ್ಲೂ ಬರೆದಿಲ್ಲ. ಕೇಳಿದರೆ ಒಳ್ಳೆ ರೇಟೇ ಕೊಡುತ್ತೇವೆ ಅಂದರು. ಸರಿ, ಹಾಗಾದರೆ ಬೋರ್ಡಿನಲ್ಲಿ ಹಾಕಿ. ನಾನು ಈ ಅಂಗಡಿಗೆ ಹೋಗುವುದೇ ದುಡ್ಡು ಅವರಿಗೆ ಸೇರಲಿ ಅಂತ. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಜನ ಮರ ಕಡಿಯದಂತೆ ಅಪ್ಪಿಕೊಂಡು ನಿಂತಾಗ ಶುರುವಾದ ಅಪ್ಪಿಕೋ ಚಳವಳಿಯ ಘೋಷಣೆ "ಉಳಿಸು, ಬೆಳೆಸು, ಬಳಸು". ಬಳಸು ಅನ್ನುವುದನ್ನೂ ಅವರು ಸೇರಿಸಿದ್ದರು. ಕಾಡಿನಿಂದ ಮನೆಗೆ ನಾಲ್ಕು ಕಾಸು ಬರುವ ಊರಿನಲ್ಲಿ ಬೆಂಕಿ ಬಿದ್ದರೆ ಜನ ತಾವಾಗಿ ಓಡುತ್ತಾರೆ. ಮಂಗಳೂರಿನಿಂದ ನಾವು ಹೋಗುವುದಿಲ್ಲ.

ಕಾನೂನು ಇಲ್ಲ ಅಂತಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಅರಣ್ಯ ಸಮಿತಿಗಳ ವ್ಯವಸ್ಥೆ 1993ರಿಂದ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಕಿರು ಉತ್ಪನ್ನದ ಹಕ್ಕನ್ನೂ, ಕಾಡು ಕಾಯುವ ಹಕ್ಕನ್ನೂ ಅಲ್ಲಿನ ಜನರಿಗೇ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಆದಿವಾಸಿ ಸೋಲಿಗರು 2011ರಲ್ಲಿ ಹುಲಿ ಮೀಸಲು ಪ್ರದೇಶದ ಒಳಗೇ ಸಮುದಾಯ ಹಕ್ಕು ಪಡೆದರು. ನೇಪಾಳದ ಬೆಟ್ಟಗಳಲ್ಲಂತೂ 22 ಸಾವಿರಕ್ಕೂ ಹೆಚ್ಚು ಊರ ಗುಂಪುಗಳು ಕಾಡು ನೋಡಿಕೊಳ್ಳುತ್ತಿವೆ, ಬೋಳಾಗಿದ್ದ ಗುಡ್ಡಗಳು ಮತ್ತೆ ಹಸಿರಾಗಿವೆ. ನಮ್ಮ ಕುದುರೆಮುಖದ ತಪ್ಪಲಿನ ಆದಿವಾಸಿ ಮಲೆಕುಡಿಯರಿಗೂ ಅದೇ ನೆಮ್ಮದಿ ಸಿಗಬೇಕು ಅನ್ನುವುದು ನನ್ನ ಆಸೆ.

ಇದೆಲ್ಲ ಪೇಟೆಯವರಿಗೆ ಯಾಕೆ ಅಂತ ಕೇಳುವವರು ನಲ್ಲಿ ತಿರುಗಿಸಿ ನೋಡಿ. ಮಂಗಳೂರಿಗೆ ನೀರು ತುಂಬೆ ಅಣೆಕಟ್ಟಿನಿಂದ, ತುಂಬೆಗೆ ನೇತ್ರಾವತಿಯಿಂದ, ನೇತ್ರಾವತಿಗೆ ಘಟ್ಟದ ಕಾಡಿನಿಂದ. ಉಡುಪಿಗೆ ಸ್ವರ್ಣಾ, ಬಜೆ ಅಣೆಕಟ್ಟು. 2019ರ ಬೇಸಗೆಯಲ್ಲಿ ಎರಡೂ ಊರಿನಲ್ಲಿ ನೀರಿಗೆ ಒದ್ದಾಡಿದ್ದೇವೆ, ಅದೇ ವರ್ಷ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿಯಿತು. ಬೇಸಗೆಯಲ್ಲಿ ನೀರಿಲ್ಲ, ಮಳೆಗಾಲದಲ್ಲಿ ಗುಡ್ಡ ನಿಲ್ಲುವುದಿಲ್ಲ. ಹವಾಮಾನ ಹೀಗೆ ಏರುಪೇರಾಗುವಾಗ ಮಳೆನೀರು ಹಿಡಿದಿಟ್ಟು ನಿಧಾನಕ್ಕೆ ಬಿಡಲು ನಮಗೆ ಇರುವುದು ಆ ಕಾಡು ಮಾತ್ರ.

ಒಟ್ಟಿನಲ್ಲಿ ಐದಕ್ಕೆ ನಾಲ್ಕು ಕೊಡುತ್ತೇನೆ. ಬೋರ್ಡಿನಲ್ಲಿ ಸಂಗ್ರಹಿಸಿದವರ ಪಾಲು, ಬಾಟಲಿಯಲ್ಲಿ ತಿಂಗಳು ಬಂದ ದಿನ ಐದು. ಉಪ್ಪಾಗೆ ದೀಪಾವಳಿ ಹೊತ್ತಿಗೆ ಹೊಸದು ಇರುತ್ತದೆ, ಬೇಗ ಮುಗಿಯುತ್ತದೆ. ಜೇನು ತೆಗೆದುಕೊಳ್ಳುವವರು ಯಾವಾಗ ಕಿತ್ತದ್ದು ಅಂತ ಕೇಳಿಯೇ ತೆಗೆದುಕೊಳ್ಳಿ. ಚೀಲ ನಿಮ್ಮದೇ ಒಯ್ಯಿರಿ, ಭಾನುವಾರ ಅಂಗಡಿ ಇಲ್ಲ.