ಜೆಂಟೂ ಲಿನಕ್ಸ್: ಚಿಕ್ಕಮಗಳೂರಿನ ಮನೆಯಲ್ಲಿ ಎರಡು ವರ್ಷದ ಬಳಕೆ

ಬಸವನಹಳ್ಳಿಯ ನಮ್ಮ ಮನೆಯಲ್ಲಿ ಕನ್ನಡ ಬೆರಳಚ್ಚು ಮತ್ತು ಪುಟವಿನ್ಯಾಸದ ಕೆಲಸಕ್ಕೆಂದು ಇಟ್ಟುಕೊಂಡಿರುವ ಕಂಪ್ಯೂಟರಿಗೆ 2023ರ ಜುಲೈ ತಿಂಗಳಿನಲ್ಲಿ ಜೆಂಟೂ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡೆ. ಎರಡು ವರ್ಷ ಅದರಲ್ಲೇ ದಿನವೂ ಕೆಲಸ ಮಾಡಿ, 2025ರಲ್ಲಿ ಮನೆಯ ಇನ್ನೊಂದು ಯಂತ್ರಕ್ಕೂ ಅದನ್ನೇ ಹಾಕಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹಾಕಿಕೊಂಡ ವಾರದಲ್ಲೇ ಅಭಿಪ್ರಾಯ ಹೇಳಿಬಿಡುವುದು ಈ ವ್ಯವಸ್ಥೆಯ ಮಟ್ಟಿಗೆ ಸರಿಯಾಗುವುದಿಲ್ಲ. ಜೆಂಟೂವಿನ ಗುಣವಾಗಲಿ ದೋಷವಾಗಲಿ ನಿಜವಾಗಿ ಕಾಣಿಸಿಕೊಳ್ಳುವುದು ಅದನ್ನು ತಿಂಗಳುಗಟ್ಟಲೆ ಅಪ್‌ಡೇಟ್ ಮಾಡಿಕೊಂಡು ಬರುವಾಗ.

ಪರಿಚಯವಿಲ್ಲದವರಿಗಾಗಿ ಎರಡು ಮಾತು. ಉಬುಂಟು, ಫೆಡೋರಾ ಮುಂತಾದವುಗಳಲ್ಲಿ ತಂತ್ರಾಂಶಗಳು ಬೇರೆಲ್ಲೋ ಕಂಪೈಲ್ ಆಗಿ, ಅಂದರೆ ಯಂತ್ರ ನಡೆಸಬಲ್ಲ ರೂಪಕ್ಕೆ ಬದಲಾಗಿ, ಪ್ಯಾಕೇಜ್ ಎಂಬ ಕಟ್ಟುಗಳ ಸಿದ್ಧರೂಪದಲ್ಲಿ ನಮ್ಮ ಯಂತ್ರಕ್ಕೆ ಬರುತ್ತವೆ. ಜೆಂಟೂವಿನಲ್ಲಿ ಬರುವುದು ಸೋರ್ಸ್ ಕೋಡ್ (ಪ್ರೋಗ್ರಾಂ ಬರೆದವರ ಮೂಲ ಪಠ್ಯ) ಮತ್ತು ಅದನ್ನು ಕಟ್ಟುವ ವಿಧಾನವನ್ನು ಬರೆದಿಟ್ಟ ಇಬಿಲ್ಡ್ ಎಂಬ ಸಣ್ಣ ಕಡತ. ಕಂಪೈಲ್ ಮಾಡುವ ಕೆಲಸ ನಮ್ಮ ಯಂತ್ರದ್ದೇ. ಇದನ್ನೆಲ್ಲ ನಡೆಸುವ ಪೋರ್ಟೇಜ್ ಎಂಬ ವ್ಯವಸ್ಥೆಯು ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನ ಪೋರ್ಟ್ಸ್ ಪದ್ಧತಿಯಿಂದ ಪ್ರೇರಣೆ ಪಡೆದದ್ದು. ಡೇನಿಯಲ್ ರಾಬಿನ್ಸ್ ಅವರು ಇನಾಕ್ ಎಂಬ ಹೆಸರಿನಲ್ಲಿ ಆರಂಭಿಸಿದ ಈ ಯೋಜನೆ ಮುಂದೆ ಜೆಂಟೂ ಆಯಿತು, 2002ರ ಮಾರ್ಚ್‌ನಲ್ಲಿ ಅದರ 1.0 ಆವೃತ್ತಿ ಹೊರಬಂತು. ಪೆಂಗ್ವಿನ್‌ಗಳಲ್ಲೇ ಅತಿ ವೇಗವಾಗಿ ಈಜುವ ಪ್ರಭೇದದ ಹೆಸರು ಅದಕ್ಕೆ. ಈ ವೇಗದ ವಿಷಯಕ್ಕೆ ಮುಂದೆ ಬರುತ್ತೇನೆ.

ಜೆಂಟೂ ಹಾಕುವುದು ಬಹಳ ಕಷ್ಟವೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನನ್ನ ಅನುಭವದಲ್ಲಿ ಅದು ಕಷ್ಟವಲ್ಲ, ದೀರ್ಘ. ಯಾವುದಾದರೂ ಲೈವ್ ಲಿನಕ್ಸ್ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಚಾಲೂ ಮಾಡಿ, ಡಿಸ್ಕಿನಲ್ಲಿ ಜಾಗ ವಿಂಗಡಿಸಿ, ಸ್ಟೇಜ್ 3 ಎಂಬ, ಮೂಲ ವ್ಯವಸ್ಥೆಯಿರುವ ಕಟ್ಟನ್ನು ಇಳಿಸಿಕೊಂಡು, ಅದರ ಸಹಿ ಸರಿಯಿದೆಯೇ ಎಂದು ನೋಡಿ, ಬಿಚ್ಚಿ ಹರವಿ, ಕ್ರೂಟ್ ಮಾಡಿ (ಹರವಿದ ಹೊಸ ವ್ಯವಸ್ಥೆಯೊಳಕ್ಕೆ ದಾಟುವ ಆಜ್ಞೆ ಅದು) ಒಳಹೊಕ್ಕರೆ ಅಲ್ಲಿಂದ ಮುಂದಿನದೆಲ್ಲ ಜೆಂಟೂವಿನ ಮಾರ್ಗದರ್ಶಿಯಾದ ಹ್ಯಾಂಡ್‌ಬುಕ್ ಹೇಳಿದಂತೆ. ಈ ಹ್ಯಾಂಡ್‌ಬುಕ್ ಬಗ್ಗೆ ನನಗೆ ನಿಜವಾದ ಗೌರವವಿದೆ. ಇಂಥ ಆಜ್ಞೆಯನ್ನು ಕೊಡಿ ಎಂದು ಹೇಳಿ ಅದು ಸುಮ್ಮನಾಗುವುದಿಲ್ಲ, ಅದನ್ನು ಏಕೆ ಕೊಡಬೇಕು, ಕೊಡದಿದ್ದರೆ ಏನಾಗುತ್ತದೆ ಎಂಬುದನ್ನೂ ಬಿಡಿಸಿ ಹೇಳುತ್ತದೆ. ಬ್ರೌಸರ್ ಇರುವ ಲೈವ್ ಪೆನ್‌ಡ್ರೈವ್ ಬಳಸಿದರೆ ಅದೇ ತೆರೆಯಲ್ಲಿ ಒಂದು ಪಕ್ಕ ಹ್ಯಾಂಡ್‌ಬುಕ್, ಇನ್ನೊಂದು ಪಕ್ಕ ಟರ್ಮಿನಲ್ ಇಟ್ಟುಕೊಂಡು ಕೆಲಸ ಮಾಡಬಹುದು. ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು, ಅದರ ವಿಷಯದಲ್ಲಿ ಮೊದಲ ಸಲವೇ ಸಾಹಸ ಬೇಡ. ಸಿದ್ಧವಾಗಿ ಸಿಗುವ ಕರ್ನಲ್ ಪ್ಯಾಕೇಜ್ ಹಾಕಿಕೊಂಡು, ಯಂತ್ರ ಒಮ್ಮೆ ತಾನಾಗಿ ಬೂಟ್ ಆದ ಮೇಲೆ ಬೇಕಿದ್ದರೆ ಸ್ವಂತ ಕರ್ನಲ್ ಕಟ್ಟಿಕೊಳ್ಳಬಹುದು. ವೈಫೈ ಫರ್ಮ್‌ವೇರ್ ಮತ್ತು ನೆಟ್‌ವರ್ಕ್ ಪ್ಯಾಕೇಜುಗಳನ್ನು ಮಾತ್ರ ರೀಬೂಟ್ ಮಾಡುವ ಮೊದಲೇ ಹಾಕಿಕೊಳ್ಳಬೇಕು, ಇಲ್ಲವಾದರೆ ಹೊಸ ವ್ಯವಸ್ಥೆ ಎದ್ದು ನಿಲ್ಲುತ್ತದೆ, ಇಂಟರ್‌ನೆಟ್ ಇರುವುದಿಲ್ಲ.

ನನಗೆ ಮೊದಲ ಪೆಟ್ಟು ಬಿದ್ದದ್ದು ಮೇಕ್ ಡಾಟ್ ಕಾನ್ಫ್ ಎಂಬ, ಪೋರ್ಟೇಜ್‌ನ ಸೆಟ್ಟಿಂಗ್ ಕಡತದ ಒಂದು ಸಾಲಿನಲ್ಲಿ. ಯಂತ್ರದಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್ ಇವೆಯೆಂದು ಏಕಕಾಲಕ್ಕೆ ಎಂಟು ಕಂಪೈಲ್ ಕೆಲಸ ನಡೆಯಲಿ ಎಂದು ಬರೆದಿದ್ದೆ. ಸಣ್ಣ ಪ್ಯಾಕೇಜುಗಳೆಲ್ಲ ಸರಾಗವಾಗಿ ಮುಗಿದವು. ದೊಡ್ಡದೊಂದು ಸಿ ಪ್ಲಸ್ ಪ್ಲಸ್ ಪ್ಯಾಕೇಜ್ ಬಂದಾಗ ತೆರೆ ಸ್ತಬ್ಧವಾಯಿತು, ಮೌಸ್ ಅಲುಗಲಿಲ್ಲ, ಕೆಲವು ನಿಮಿಷಗಳ ನಂತರ ಕಂಪೈಲರ್ ಸತ್ತುಹೋದ ಸಂದೇಶ ಕಾಣಿಸಿತು. ಕಂಪೈಲರ್‌ನಲ್ಲಿ ತಪ್ಪೇನೂ ಇರಲಿಲ್ಲ. ಪ್ರತಿ ಕೆಲಸಕ್ಕೆ ಸುಮಾರು 2 ಜಿಬಿ ರ‍್ಯಾಮ್ ಲೆಕ್ಕ ಹಿಡಿಯಬೇಕೆಂದು ಹ್ಯಾಂಡ್‌ಬುಕ್ಕೇ ಹೇಳುತ್ತದೆ. ನನ್ನಲ್ಲಿ ಇದ್ದದ್ದು ಒಟ್ಟು 8 ಜಿಬಿ. ಎಂಟನ್ನು ನಾಲ್ಕಕ್ಕೆ ಇಳಿಸಿದೆ, ಆ ತೊಂದರೆ ಮತ್ತೆ ಬರಲಿಲ್ಲ. ಹಳೆಯ ಯಂತ್ರದಲ್ಲಿ ಜೆಂಟೂ ಹಾಕುವವರು ಪ್ರೊಸೆಸರ್‌ಗಿಂತ ಮೊದಲು ರ‍್ಯಾಮ್ ನೋಡಿಕೊಳ್ಳಬೇಕು.

ಎರಡನೆಯದು ಕರೆಂಟು. ಮಲೆನಾಡಿನ ಮಳೆಗಾಲದಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಗಂಟೆಗಟ್ಟಲೆ ಕರೆಂಟು ಇಲ್ಲದಿರುವುದು ಇಲ್ಲಿಯವರಿಗೆ ಹೊಸದಲ್ಲ, ನನ್ನ ಯುಪಿಎಸ್ ತಡೆಯುವುದು ಹೆಚ್ಚೆಂದರೆ ಕಾಲು ಗಂಟೆ. ಲಿಬ್ರೆ ಆಫೀಸ್ ಮೂರನೆಯ ಗಂಟೆಯ ಕಂಪೈಲ್‌ನಲ್ಲಿದ್ದಾಗ ಕರೆಂಟು ಹೋಯಿತು. ವ್ಯವಸ್ಥೆಯೇ ಕೆಟ್ಟಿತೆಂದು ಆ ರಾತ್ರಿ ಬಹಳ ಆತಂಕಪಟ್ಟೆ. ಬೆಳಿಗ್ಗೆ ನೋಡಿದರೆ ಏನೂ ಆಗಿರಲಿಲ್ಲ. ಪೋರ್ಟೇಜ್ ಪ್ರತಿ ಪ್ಯಾಕೇಜನ್ನೂ ಪ್ರತ್ಯೇಕವಾದ ತಾತ್ಕಾಲಿಕ ಜಾಗದಲ್ಲಿ ಕಟ್ಟುತ್ತದೆ, ಅದು ಪೂರ್ತಿ ಕಟ್ಟಿ ಮುಗಿದ ಮೇಲಷ್ಟೇ ಕಡತಗಳನ್ನು ನಿಜವಾದ ಜಾಗಕ್ಕೆ ಸಾಗಿಸುತ್ತದೆ; ಆದ್ದರಿಂದ ಕಂಪೈಲ್ ಮಧ್ಯದಲ್ಲಿ ಯಂತ್ರ ಆರಿಹೋದರೂ ಈಗಾಗಲೇ ಕೆಲಸ ಮಾಡುತ್ತಿರುವ ತಂತ್ರಾಂಶಕ್ಕೆ ಧಕ್ಕೆಯಿಲ್ಲ. ಪೋರ್ಟೇಜ್‌ನ ಎಮರ್ಜ್ ಆಜ್ಞೆಗೆ ರೆಸ್ಯೂಮ್ ಎಂಬ ಆಯ್ಕೆ ಕೊಟ್ಟರೆ ನಿಂತ ಪಟ್ಟಿ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಆದರೆ ಅರ್ಧಕ್ಕೆ ನಿಂತ ಆ ಒಂದು ಪ್ಯಾಕೇಜ್ ಮೊದಲಿನಿಂದ ಶುರುವಾಗುತ್ತದೆ. ಮೂರು ಗಂಟೆಯ ಕೆಲಸ ಹೋಯಿತು ಎಂಬುದು ನಿಜವೇ. ಅಂದಿನಿಂದ ಸೋರ್ಸ್ ಇಳಿಸುವುದನ್ನೂ ಕಂಪೈಲ್ ಮಾಡುವುದನ್ನೂ ಬೇರೆ ಮಾಡಿಕೊಂಡಿದ್ದೇನೆ: ಬೇಕಾದ ಕಡತಗಳನ್ನೆಲ್ಲ ರಾತ್ರಿ ಇಳಿಸಿಟ್ಟುಕೊಂಡು, ದೊಡ್ಡ ಪ್ಯಾಕೇಜುಗಳನ್ನು ಮಳೆ ಬಿಡುವು ಕೊಟ್ಟ ದಿನ ಕಟ್ಟುತ್ತೇನೆ, ಆಗ ಇಂಟರ್‌ನೆಟ್ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ.

ನನ್ನನ್ನು ಜೆಂಟೂವಿನ ಕಡೆಗೆ ನಿಜವಾಗಿ ಒಲಿಸಿಕೊಂಡದ್ದು ಒಂದು ದೋಷಸಂದೇಶ. ಡೆಸ್ಕ್‌ಟಾಪ್ ಪ್ಯಾಕೇಜುಗಳನ್ನು ಹಾಕಲು ಹೊರಟಾಗ ಪೋರ್ಟೇಜ್ ಕೆಲಸ ಆರಂಭಿಸಲು ಒಪ್ಪದೆ, ಕೆಂಪಕ್ಷರದಲ್ಲಿ ಎರಡು ಹೆಸರು ತೋರಿಸಿ ನಿಂತಿತು: ಫ್ರೀಟೈಪ್ ಮತ್ತು ಹಾರ್ಫ್‌ಬಜ್. ಅಕ್ಷರದ ಆಕಾರವನ್ನು ಫಾಂಟ್‌ನಿಂದ ಓದಿ ಬಿಡಿಸುವುದು ಮೊದಲನೆಯದರ ಕೆಲಸ. ಯಾವ ವ್ಯಂಜನಕ್ಕೆ ಯಾವ ಒತ್ತಕ್ಷರ ಕೂರಬೇಕು, ಗುಣಿತ ಎಲ್ಲಿ ಸೇರಬೇಕು, ಅರ್ಕಾವತ್ತು ಎಲ್ಲಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಎರಡನೆಯದರ ಕೆಲಸ. ಅದಿಲ್ಲದಿದ್ದರೆ ಕನ್ನಡ ತೆರೆಯ ಮೇಲೆ ಮುರಿದು ಬೀಳುತ್ತದೆ. ಫ್ರೀಟೈಪ್ ಕಟ್ಟಲು ಹಾರ್ಫ್‌ಬಜ್ ಬೇಕು, ಹಾರ್ಫ್‌ಬಜ್ ಕಟ್ಟಲು ಫ್ರೀಟೈಪ್ ಬೇಕು, ಹೀಗಾಗಿ ಎರಡರಲ್ಲಿ ಯಾವುದನ್ನೂ ಮೊದಲು ಕಟ್ಟುವಂತಿಲ್ಲ. ಕೆಳಗಿನ ಸಾಲುಗಳನ್ನು ನಿಧಾನವಾಗಿ ಓದಿದೆ. ಫ್ರೀಟೈಪ್‌ನ ಹಾರ್ಫ್‌ಬಜ್ ಫ್ಲ್ಯಾಗ್ (ಒಂದು ಸೌಲಭ್ಯ ಬೇಕೋ ಬೇಡವೋ ಎಂದು ಹೇಳುವ ಗುರುತು) ತೆಗೆದು ನೋಡಿ, ಪ್ಯಾಕೇಜ್ ಒಮ್ಮೆ ಕೂತ ಮೇಲೆ ಅದನ್ನು ಮರಳಿ ಹಾಕಬಹುದು ಎಂಬ ಸಲಹೆ ಅಲ್ಲೇ ಇತ್ತು. ಹಾಗೆಯೇ ಮಾಡಿದೆ: ಮೊದಲು ಹಾರ್ಫ್‌ಬಜ್ ಇಲ್ಲದ ಫ್ರೀಟೈಪ್, ಆಮೇಲೆ ಹಾರ್ಫ್‌ಬಜ್, ಕೊನೆಗೆ ಫ್ರೀಟೈಪ್ ಇನ್ನೊಮ್ಮೆ. ಹದಿನೈದು ವರ್ಷದಿಂದ ಕನ್ನಡ ಪುಟ ಕಟ್ಟುತ್ತಿದ್ದವನಿಗೆ ಒತ್ತಕ್ಷರ ತೆರೆಗೆ ಬರುವ ದಾರಿ ಅಂದು ಮೊದಲ ಬಾರಿ ಕಣ್ಣಿಗೆ ಬಿತ್ತು.

ಈ ಫ್ಲ್ಯಾಗ್‌ಗಳೇ, ಅಂದರೆ ಯೂಸ್ ಫ್ಲ್ಯಾಗ್‌ಗಳೇ, ಜೆಂಟೂವಿನ ಜೀವಾಳ. ನನ್ನ ಯಂತ್ರದಲ್ಲಿ ಬ್ಲೂಟೂತ್ ಇಲ್ಲ. ಒಂದು ಸಾಲು ಬರೆದು ಎಲ್ಲ ಪ್ಯಾಕೇಜುಗಳಿಂದಲೂ ಬ್ಲೂಟೂತ್ ಬೆಂಬಲವನ್ನು ತೆಗೆಸಿದ್ದೇನೆ, ಅದಕ್ಕಾಗಿ ಬರುತ್ತಿದ್ದ ಇತರ ಪ್ಯಾಕೇಜುಗಳೂ ಬರುವುದು ನಿಂತಿತು. ಪ್ರಿಂಟರ್ ನಿತ್ಯ ಬೇಕು, ಆದ್ದರಿಂದ ಮುದ್ರಣ ನಡೆಸುವ ಕಪ್ಸ್ ಇದೆ. ಭಾಷೆಗಳ ಸಾಲಿನಲ್ಲಿ ಕನ್ನಡವನ್ನು ಸೇರಿಸಿದರೆ ಲಿಬ್ರೆ ಆಫೀಸ್‌ಗೆ ಕನ್ನಡ ಪಠ್ಯವೂ ಜೊತೆಗೆ ಬರುತ್ತದೆ. ಭಾರತೀಯ ಭಾಷೆಗಳ ಬೆರಳಚ್ಚಿಗೆ ನೆರವಾಗುವ ಐಬಸ್ ಮತ್ತು ಎಂ17ಎನ್ ಹಾಕಿಕೊಂಡು ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲೇ ಬೆರಳಚ್ಚು ಮಾಡುತ್ತಿದ್ದೇನೆ, ಕೈಗೆ ಹೊಸ ಅಭ್ಯಾಸ ಬೇಕಾಗಲಿಲ್ಲ.

ವೇಗದ ಮಾತು ಹೇಳಿದ್ದೆ. ನಮ್ಮದೇ ಪ್ರೊಸೆಸರ್‌ಗೆ ತಕ್ಕಂತೆ ಕಂಪೈಲ್ ಮಾಡಿದರೆ ಯಂತ್ರ ಹಾರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದೇ ಯಂತ್ರದಲ್ಲಿ ಮೊದಲಿದ್ದ ಸಾಧಾರಣ ಲಿನಕ್ಸ್‌ಗೂ ಇದಕ್ಕೂ ನಿತ್ಯದ ಕೆಲಸದಲ್ಲಿ ನನ್ನ ಅನುಭವಕ್ಕೆ ಬರುವಷ್ಟು ವ್ಯತ್ಯಾಸವಿಲ್ಲ. ಬೂಟ್ ಆದಾಗ ತುಂಬಿಕೊಳ್ಳುವ ಮೆಮೊರಿ ಕಡಿಮೆಯಾಗಿದೆ, ಅದು ಬೇಡವಾದದ್ದನ್ನು ಹಾಕದೇ ಇರುವುದರ ಫಲ.

ಇನ್ನು ಅಪ್‌ಡೇಟ್. ಜೆಂಟೂಗೆ ವರ್ಷಕ್ಕೊಂದು ಹೊಸ ಆವೃತ್ತಿ ಎಂಬುದಿಲ್ಲ, ಅದು ನಿರಂತರವಾಗಿ ಹರಿಯುತ್ತಿರುತ್ತದೆ. ನಾನು ಪ್ರತಿ ಶನಿವಾರ ಸಂಜೆ ಇಬಿಲ್ಡ್ ಪಟ್ಟಿಯನ್ನು ಸಿಂಕ್ ಮಾಡಿ, ಸುದ್ದಿಗಳನ್ನು ಓದಿ, ವರ್ಲ್ಡ್ ಪಟ್ಟಿಯನ್ನು (ನಾವಾಗಿ ಹಾಕಿಕೊಂಡ ಪ್ಯಾಕೇಜುಗಳ ಪಟ್ಟಿ) ಅಪ್‌ಡೇಟ್‌ಗೆ ಕೊಟ್ಟು, ಏನೇನು ಬದಲಾಗಲಿದೆ ಎಂಬುದನ್ನು ಸಾಲುಸಾಲಾಗಿ ನೋಡಿ ಒಪ್ಪಿಗೆ ಕೊಡುತ್ತೇನೆ. ಸಿಂಕ್ ದಿನಕ್ಕೊಮ್ಮೆಗಿಂತ ಹೆಚ್ಚು ಮಾಡಬಾರದು, ಕಡತಗಳನ್ನು ಹಂಚುವ ಮಿರರ್ ಸರ್ವರ್‌ಗಳ ಮೇಲೆ ಹೊರೆ ಬೀಳುತ್ತದೆ. ವಾರವಾರ ಮಾಡಿದರೆ ಹತ್ತಿಪ್ಪತ್ತು ಪ್ಯಾಕೇಜುಗಳು, ರಾತ್ರಿ ಊಟದ ಹೊತ್ತಿಗೆ ಮುಗಿದಿರುತ್ತದೆ. ಫೈರ್‌ಫಾಕ್ಸ್ ಅಥವಾ ಜಿಸಿಸಿ ಎಂಬ ಕಂಪೈಲರ್ ಬಂದ ವಾರ ಮಾತ್ರ ಬೆಳಗಿನ ತನಕ ಬಿಟ್ಟಿರುತ್ತೇನೆ. ಕೊಯ್ಲಿನ ಓಡಾಟದ ಕಾಲದಲ್ಲಿ ಒಮ್ಮೆ ಮೂರು ತಿಂಗಳು ಅಪ್‌ಡೇಟ್ ಮಾಡಲಿಲ್ಲ. ಆಮೇಲೆ ಪೈಥಾನ್ ಆವೃತ್ತಿ, ಪರ್ಲ್ ಆವೃತ್ತಿ, ಒಂದನ್ನೊಂದು ತಡೆಹಿಡಿಯುವ ಪ್ಯಾಕೇಜುಗಳು ಎಲ್ಲವೂ ಒಟ್ಟಿಗೆ ಎದುರಾಗಿ, ಅದನ್ನು ಬಿಡಿಸಲು ಎರಡು ದಿನ ಹಿಡಿಯಿತು. ಇದನ್ನು ನಾನು ಜೆಂಟೂವಿನ ದೊಡ್ಡ ದೋಷವೆಂದೇ ಎಣಿಸುತ್ತೇನೆ: ಯಂತ್ರವನ್ನು ಮರೆತು ಕೂರುವ ಸೌಲಭ್ಯ ಇಲ್ಲಿಲ್ಲ.

ಅಪ್‌ಡೇಟ್‌ನ ಕೊನೆಯ ಹಂತವನ್ನು ಅವಸರದಲ್ಲಿ ಮುಗಿಸಬಾರದು. ನಾವು ತಿದ್ದಿದ ಸೆಟ್ಟಿಂಗ್ ಕಡತಗಳ ಮೇಲೆ ಪೋರ್ಟೇಜ್ ತಾನಾಗಿ ಬರೆಯುವುದಿಲ್ಲ. ಹೊಸದನ್ನು ಪಕ್ಕದಲ್ಲಿ ಇಟ್ಟು, ಹಳೆಯದು ಬೇಕೋ ಹೊಸದು ಬೇಕೋ ಎಂದು ಡಿಸ್ಪ್ಯಾಚ್ ಕಾನ್ಫ್ ಎಂಬ ಉಪಕರಣದ ಮೂಲಕ ಕೇಳುತ್ತದೆ. ನುಡಿ ತಂತ್ರಾಂಶದ ಹಳೆಯ ಕಡತಗಳಿಗಾಗಿ ಇದೇ ಯಂತ್ರದಲ್ಲಿ ವಿಂಡೋಸ್ ಕೂಡ ಇಟ್ಟುಕೊಂಡಿದ್ದೇನೆ, ಹೀಗಾಗಿ ಯಂತ್ರದ ಗಡಿಯಾರ ಭಾರತೀಯ ಕಾಲಮಾನದಲ್ಲಿದೆ ಎಂದು ಒಂದು ಕಡತದಲ್ಲಿ ಬರೆದಿದ್ದೆ. ಒಂದು ಶನಿವಾರ ಓದದೆಯೇ ಎಲ್ಲದಕ್ಕೂ ಹೊಸದನ್ನು ಒಪ್ಪಿಕೊಂಡುಬಿಟ್ಟೆ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಯಂತ್ರ ಮಧ್ಯಾಹ್ನ ಎರಡೂವರೆ ತೋರಿಸುತ್ತಿತ್ತು. ಐದೂವರೆ ಗಂಟೆಯ ಆ ಅಂತರವೇ ಕಾರಣವನ್ನು ಹೇಳಿಕೊಟ್ಟಿತು, ಸರಿಪಡಿಸಲು ಒಂದು ಪದ ತಿದ್ದಿದರೆ ಸಾಕಾಯಿತು. ಈಗ ಪ್ರತಿಯೊಂದು ವ್ಯತ್ಯಾಸವನ್ನೂ ಓದಿಯೇ ಒಪ್ಪುತ್ತೇನೆ.

ಸುದ್ದಿ ಓದುವುದನ್ನು ಬಿಡಬಾರದು ಎಂಬುದಕ್ಕೆ 2024ರ ವಸಂತ ಸಾಕ್ಷಿ. ಆಗ 23.0 ಎಂಬ ಹೊಸ ಪ್ರೊಫೈಲ್ (ಇಡೀ ವ್ಯವಸ್ಥೆಯ ಮೂಲ ಸೆಟ್ಟಿಂಗ್‌ಗಳ ಗುಚ್ಛ) ಬಂತು, ನಾವೆಲ್ಲ ಇದ್ದ 17.1 ಹಳತಾಯಿತು. ಮೊದಲು ಇರುವುದನ್ನೆಲ್ಲ ಪೂರ್ತಿ ಅಪ್‌ಡೇಟ್ ಮಾಡಿ, ಪ್ರೊಫೈಲ್ ಬದಲಿಸಿ, ಬಿನ್‌ಯುಟಿಲ್ಸ್, ಜಿಸಿಸಿ, ಜಿಲಿಬ್‌ಸಿ ಎಂಬ ಮೂರು ಬುನಾದಿ ಪ್ಯಾಕೇಜುಗಳನ್ನು ಇದೇ ಕ್ರಮದಲ್ಲಿ ಕಟ್ಟಿ, ಆಮೇಲೆ ಇಡೀ ವ್ಯವಸ್ಥೆಯನ್ನು ಹೊಸದಾಗಿ ಕಂಪೈಲ್ ಮಾಡಬೇಕೆಂದು ಪೋರ್ಟೇಜ್‌ನ ಸುದ್ದಿಯಲ್ಲೇ ಹಂತಹಂತವಾಗಿ ಬರೆದಿದ್ದರು. ನನ್ನ ಯಂತ್ರಕ್ಕೆ ಸುಮಾರು ಎರಡು ಹಗಲು ಎರಡು ರಾತ್ರಿ ಬೇಕಾಯಿತು. ಕ್ರಮ ತಪ್ಪದೆ ಮಾಡಿದ್ದರಿಂದ ಒಂದು ಪ್ಯಾಕೇಜೂ ಕೈಕೊಡಲಿಲ್ಲ. ಇಷ್ಟು ದೊಡ್ಡ ಬದಲಾವಣೆಯನ್ನು ಚಾಲನೆಯಲ್ಲಿರುವ ಯಂತ್ರದ ಮೇಲೆಯೇ, ಮರುಸ್ಥಾಪನೆ ಇಲ್ಲದೆ ಮಾಡಿ ಮುಗಿಸಬಹುದೆಂಬುದು ಜೆಂಟೂವಿನ ಬಗ್ಗೆ ನಾನು ಹೇಳಬಹುದಾದ ಅತ್ಯುತ್ತಮ ಮಾತು.

ಎರಡನೆಯ ಯಂತ್ರದ ಕಥೆ ಚಿಕ್ಕದು. 2023ರ ಡಿಸೆಂಬರ್ ಕೊನೆಯಿಂದ ಜೆಂಟೂ ತಾನೇ ಕಂಪೈಲ್ ಮಾಡಿದ ಸಿದ್ಧ ಪ್ಯಾಕೇಜುಗಳನ್ನೂ ಕೊಡುತ್ತಿದೆ. ನಮ್ಮ ಯೂಸ್ ಫ್ಲ್ಯಾಗ್‌ಗಳು ಅವರವುಗಳಿಗೆ ಹೊಂದಿದರೆ ಸಿದ್ಧವಾದದ್ದು ಬರುತ್ತದೆ, ಹೊಂದದಿದ್ದರೆ ಅಂಥ ಪ್ಯಾಕೇಜ್ ಮಾತ್ರ ಎಂದಿನಂತೆ ಸೋರ್ಸ್‌ನಿಂದ ಕಟ್ಟಲ್ಪಡುತ್ತದೆ. ಮೊದಲ ಯಂತ್ರಕ್ಕೆ ನಾಲ್ಕು ದಿನ ಹಿಡಿದದ್ದು ಇದಕ್ಕೆ ಒಂದು ಭಾನುವಾರದಲ್ಲಿ ಆಯಿತು. ಕೆಲವರು ಇದನ್ನು ಜೆಂಟೂವಿನ ಧರ್ಮಕ್ಕೆ ವಿರುದ್ಧವೆಂದು ಭಾವಿಸುತ್ತಾರೆ, ನಾನು ಒಪ್ಪುವುದಿಲ್ಲ. ಲಿಬ್ರೆ ಆಫೀಸ್‌ನಂಥದ್ದನ್ನು ಸಿದ್ಧರೂಪದಲ್ಲಿ ಪಡೆದು, ನನಗೆ ಮುಖ್ಯವಾದದ್ದನ್ನು ನಾನೇ ಕಟ್ಟಿಕೊಳ್ಳುವ ಆಯ್ಕೆ ನನ್ನ ಕೈಯಲ್ಲೇ ಉಳಿದಿದೆ. ಜುಲೈನ ಆ ರಾತ್ರಿ ಈ ಸೌಲಭ್ಯ ಇದ್ದಿದ್ದರೆ ಮೂರು ಗಂಟೆ ಉಳಿಯುತ್ತಿತ್ತು.

ಕಚೇರಿಯ ಲೆಕ್ಕಕ್ಕೋ ಮಕ್ಕಳ ಓದಿಗೋ ಒಂದೇ ಒಂದು ಕಂಪ್ಯೂಟರ್ ಇರುವ ಮನೆಗೆ ನಾನು ಜೆಂಟೂ ಸೂಚಿಸುವುದಿಲ್ಲ, ಅಂಥವರಿಗೆ ಡೆಬಿಯನ್ ಸಾಕು. ನಮ್ಮ ಜಿಲ್ಲೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಅದರಲ್ಲೂ ಆಪರೇಟಿಂಗ್ ಸಿಸ್ಟಮ್ ಎಂಬ ವಿಷಯವನ್ನು ಪರೀಕ್ಷೆಗೆ ಓದಿ ಮರೆಯುತ್ತಿರುವವರಿಗೆ, ಮನಃಪೂರ್ವಕವಾಗಿ ಸೂಚಿಸುತ್ತೇನೆ. ಕನಿಷ್ಠ 8 ಜಿಬಿ ರ‍್ಯಾಮ್, ಸಾಧ್ಯವಾದರೆ 16, ಒಂದು ಎಸ್‌ಎಸ್‌ಡಿ, ಒಂದು ಒಳ್ಳೆಯ ಯುಪಿಎಸ್ ಇರಲಿ. ಹಾಕುವುದಿದ್ದರೆ ಮಳೆಗಾಲ ಕಳೆದ ಮೇಲೆ, ದೀಪಾವಳಿ ರಜೆಯ ಹೊತ್ತಿಗೆ ಆರಂಭಿಸಿ. ಮುಂದಿನ ಜೂನ್ ಬರುವಷ್ಟರಲ್ಲಿ ಮೂವತ್ತು ಶನಿವಾರಗಳ ಅಪ್‌ಡೇಟ್ ನಿಮ್ಮ ಕೈಗೆ ಪಳಗಿರುತ್ತದೆ.